ಹುರಿಯ ಹದ

ಗೋಕಾಕ ಫಾಲ್ಸಿನ ನೂಲಿನ ಗಿರಣಿ 1885ರದ್ದು. ನೂಲುವ ಹತ್ತಿಯ ನಾರು ಒಂದೊಂದೂ ಸಾಮಾನ್ಯವಾಗಿ ಇಂಚು, ಇಂಚೂಕಾಲು ಉದ್ದ. ಅವನ್ನು ನೂಲಾಗಿ ಹಿಡಿದಿಡುವುದು ಅಂಟಲ್ಲ, ಹುರಿ. ಹುರಿ ಸಾಲದಿದ್ದರೆ ನಾರುಗಳು ಜಾರಿಹೋಗುತ್ತವೆ. ಹುರಿ ಏರಿದಂತೆ ಬಲವೂ ಏರುತ್ತದೆ, ಆದರೆ ಹದ ಮೀರಿದರೆ ನೂಲು ಮತ್ತೆ ದುರ್ಬಲ. ನೂಲುವವರಿಗೆ ಇದು ಹಳೆಯ ಸಂಗತಿ.

ಪಕ್ಕದ ಹುಕ್ಕೇರಿ ತಾಲ್ಲೂಕಿನ ಹತ್ತರಗಿಯಲ್ಲಿ ಈಗ ವಿಮಾನದ ಬಿಡಿಭಾಗಗಳು ತಯಾರಾಗುತ್ತವೆ. ವಿಮಾನ ಜಗತ್ತೂ ನಾರಿನ ಕಡೆ ಹೊರಳಿದೆ: ಕಾರ್ಬನ್ ಅಥವಾ ಗಾಜಿನ ನಾರನ್ನು ಎಪಾಕ್ಸಿ ರಾಳದಲ್ಲಿ ಕೂರಿಸಿದ ಕಾಂಪೊಸಿಟ್. ಗಾಜು ಚಟ್ಟನೆ ಒಡೆಯುವಂಥದ್ದು, ಗಟ್ಟಿಯಾದ ಎಪಾಕ್ಸಿಯೂ ಹೆಚ್ಚುಕಡಿಮೆ ಹಾಗೆಯೇ. ಎರಡೂ ಸೇರಿದರೆ ಮಾತ್ರ ಸುಲಭಕ್ಕೆ ಒಡೆಯದು. ಈ ಗುಣ ಎಲ್ಲಿಂದ ಬಂತು?

ಗಾಜಿನ ದೌರ್ಬಲ್ಯಕ್ಕೆ ಅದರಲ್ಲಿರುವ ಕಣ್ಣಿಗೆ ಕಾಣದ ಬಿರುಕುಗಳೇ ಕಾರಣವೆಂದು 1921ರಲ್ಲಿ ಗ್ರಿಫಿತ್ ಎಂಬ ಸಂಶೋಧಕ ತೋರಿಸಿದ. 1964ರಲ್ಲಿ ಕುಕ್ ಮತ್ತು ಗಾರ್ಡನ್ ಎಂಬ ಸಂಶೋಧಕರು ಇನ್ನೂ ಸ್ವಾರಸ್ಯದ ಲೆಕ್ಕ ಕೊಟ್ಟರು. ನಾರು, ರಾಳದಂಥ ಎರಡರ ನಡುವಿನ ಬೆಸುಗೆಯ ಬಲ ವಸ್ತುವಿನ ಸ್ವಂತ ಬಲದ ಸುಮಾರು ಐದನೇ ಒಂದು ಭಾಗಕ್ಕಿಂತ ಕಡಿಮೆಯಿದ್ದರೆ, ಎದುರಾಗಿ ಬಂದ ಬಿರುಕು ಅಲ್ಲಿ ಪಕ್ಕಕ್ಕೆ ತಿರುಗಿ ಮೊಂಡಾಗುತ್ತದೆ. ನಾರು ರಾಳದಿಂದ ಬಿಟ್ಟುಕೊಂಡು, ಉಜ್ಜಿಕೊಂಡು ಹೊರಬರುವಾಗ ಒಡೆತದ ಶಕ್ತಿ ಅಲ್ಲೇ ಕರಗುತ್ತದೆ. ಬೆಸುಗೆ ತೀರಾ ಬಿಗಿಯಾದರೆ ಬಿರುಕು ನಾರನ್ನೂ ಕತ್ತರಿಸಿ ನೆಟ್ಟಗೆ ದಾಟುತ್ತದೆ. ತೀರಾ ಸಡಿಲವಾದರೆ ಹೊರೆ ನಾರಿಗೆ ತಲುಪುವುದೇ ಇಲ್ಲ. ಹುರಿಯಂತೆ ಇಲ್ಲೂ ಬೇಕಾದದ್ದು ಹದ.

ಹೈಬ್ರಿಡ್ ಕಾಂಪೊಸಿಟ್‌ನಲ್ಲಿ ಎರಡು ಸ್ವಭಾವದ ನಾರುಗಳು ಜತೆಗೂಡುತ್ತವೆ. ಕಾರ್ಬನ್ ಬಿಗಿ, ಸುಮಾರು ಶೇ. 1.5ರಷ್ಟು ಹಿಗ್ಗಿದರೆ ತುಂಡು. ಗಾಜು ಶೇ. 4ರ ತನಕ ತಾಳುತ್ತದೆ. ಕಾರ್ಬನ್ ಹರಿದಲ್ಲಿ ಗಾಜು ಹೊರೆ ಹೊರುತ್ತದೆ, ಎಲ್ಲವೂ ಒಮ್ಮೆಲೇ ಕೈಕೊಡುವುದಿಲ್ಲ. ಆದರೆ ಬೆರೆಸಿದ ಮಾತ್ರಕ್ಕೆ ಫಲ ಸಿಗದು. ಯಾವ ನಾರಿನ ಪದರ ಎಲ್ಲಿ ಎಂಬುದರ ಮೇಲೆ ಬಹಳಷ್ಟು ನಿಂತಿದೆ.

ಇಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಇಂಥ ವಸ್ತುಗಳ ಪರೀಕ್ಷೆಯ ಕ್ರಮ. ಎಪಾಕ್ಸಿಯಂಥ ಪ್ಲಾಸ್ಟಿಕ್ಕಿನ ಬಿರುಕು ತಡೆಯುವ ಗುಣ, ಅಂದರೆ ಫ್ರಾಕ್ಚರ್ ಟಫ್‌ನೆಸ್ ಅಳೆಯುವವರು ಮೊದಲು ತುಂಡಿನಲ್ಲಿ ಕಚ್ಚು ಮಾಡಿ, ಅದರ ತುದಿಗೆ ಹೊಸ ಬ್ಲೇಡ್ ಇಟ್ಟು ಮೆಲ್ಲಗೆ ತಟ್ಟಿ, ಚೂಪಾದ ಬಿರುಕು ಎಬ್ಬಿಸುತ್ತಾರೆ. ಹೊರೆ ಹಾಕುವುದು ಆಮೇಲೆ. ಬಿರುಕು ಎಬ್ಬಿಸದ ತುಂಡು ಎಷ್ಟು ತಾಳೀತು ಎಂಬುದು ಬಲದ ಪ್ರಶ್ನೆ. ಬಿರುಕು ಬಿಟ್ಟ ಮೇಲೂ ಎಷ್ಟು ತಾಳೀತು ಎಂಬುದು ಫ್ರಾಕ್ಚರ್ ಟಫ್‌ನೆಸ್‌ನ ಪ್ರಶ್ನೆ. ಕುಂದಿಲ್ಲದ ವಸ್ತುವನ್ನು ಯಾವ ಕಾರ್ಖಾನೆಯೂ ಮಾಡಿಲ್ಲವಾದ್ದರಿಂದ ಎರಡನೆಯದೇ ನಿಜವಾದ ಪ್ರಶ್ನೆ ಎನ್ನುತ್ತೇನೆ.

ಗೋಕಾಕ, ಮೂಡಲಗಿ, ಹುಕ್ಕೇರಿಯ ಡಿಪ್ಲೊಮಾ, ಇಂಜಿನಿಯರಿಂಗ್ ಹುಡುಗ ಹುಡುಗಿಯರಲ್ಲಿ ಒಂದು ಮಾತು: ನಾಳೆ ಯಾರಾದರೂ ವಸ್ತುವೊಂದರ ಬಲದ ಅಂಕಿ ಮುಂದಿಟ್ಟರೆ, ಅದರ ಪಕ್ಕದಲ್ಲಿ ಫ್ರಾಕ್ಚರ್ ಟಫ್‌ನೆಸ್‌ನ ಅಂಕಿಯನ್ನೂ ಬರೆಸಿಕೊಳ್ಳಿ.