ಮಿಂಚಿಹೋದದ್ದು ಮತ್ತು ಮನೋಚಿಕಿತ್ಸೆ

ಮಿಂಚಿಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲವೆಂಬ ಗಾದೆ ನಮ್ಮೆಲ್ಲರಿಗೂ ಬಾಯಿಪಾಠ. ಹಾಗಾದರೆ ಮನೋಚಿಕಿತ್ಸಕರ ಮುಂದೆ ತಿಂಗಳುಗಟ್ಟಲೆ ಕುಳಿತು ಹಳೆಯದನ್ನು ಕೆದಕುವುದರಿಂದ ಆಗುವುದೇನು? ಇನ್ನೂ ಬಿರುಸಾಗಿ ಕೇಳುವುದಾದರೆ, ನೋವು ಕೊಟ್ಟ ಘಟನೆಯನ್ನು ನೋವಾಗದಂತೆ ಕಾಣಲು ಕಲಿಸುವುದು ಸತ್ಯಕ್ಕೆ ಬಗೆಯುವ ದ್ರೋಹವಲ್ಲವೆ?

ಫ್ರಾಯ್ಡ್ 1914ರಲ್ಲಿ ಬರೆದ ಲೇಖನವೊಂದರಲ್ಲಿ ಇದಕ್ಕೆ ಉತ್ತರದ ಸುಳಿವಿದೆ. ತಂದೆತಾಯಿಗಳ ಅಧಿಕಾರವನ್ನು ತಾನು ಧಿಕ್ಕರಿಸುತ್ತಿದ್ದೆನೆಂಬುದು ರೋಗಿಯ ನೆನಪಿಗೆ ಬರುವುದಿಲ್ಲ; ಬದಲಿಗೆ ಅವನು ವೈದ್ಯನನ್ನೇ ಧಿಕ್ಕರಿಸತೊಡಗುತ್ತಾನೆ. ನೆನೆಯಲಾರದ್ದನ್ನು ಮನುಷ್ಯ ಮಾಡಿ ತೋರಿಸುತ್ತಾನೆ. ಅಂಥವನ ಭೂತಕಾಲ ಇನ್ನೂ ಕಳೆದೇ ಇಲ್ಲ. (ನಮ್ಮಲ್ಲಿ 'ಭೂತ'ಕ್ಕೆ ಎರಡರ್ಥವಿರುವುದು ಎಷ್ಟು ಸೊಗಸು!) ಅಪ್ಪನ ಬೆತ್ತಕ್ಕೆ ಹೆದರಿ ಬಾಯಿಮುಚ್ಚಿದ ಹುಡುಗ ನಲವತ್ತನೆಯ ವಯಸ್ಸಿನಲ್ಲೂ ಮೇಲಧಿಕಾರಿಯ ಮುಂದೆ ಬಾಯಿಮುಚ್ಚಿಯೇ ನಿಲ್ಲುತ್ತಾನೆ, ಮನೆಗೆ ಬಂದು ಮಗನ ಮೇಲೆ ಕೈಯೆತ್ತುತ್ತಾನೆ. ಚಿಕಿತ್ಸೆ ಆ ಬೆತ್ತವನ್ನು ಅಳಿಸುವುದಿಲ್ಲ, ಅಪ್ಪನನ್ನು ದೇವರನ್ನಾಗಿಯೂ ಮಾಡುವುದಿಲ್ಲ. ಅದು ಅಂದಿನದು, ಇದು ಇಂದಿನದು ಎಂದು ಬೇರ್ಪಡಿಸಿ ಕಾಣಿಸುತ್ತದೆ. ಇದರಿಂದ ಸತ್ಯಕ್ಕೆ ಕುಂದೇನೂ ಇಲ್ಲ.

ಕಾರಣ ತಿಳಿದೊಡನೆ ಹೊಣೆ ತಪ್ಪಿತೆಂದು ತಿಳಿಯುವವರುಂಟು. 'ನನಗೆ ಹೊಡೆದರು, ನಾನೂ ಹೊಡೆಯುತ್ತೇನೆ' ಎಂಬುದು ವಿವರಣೆಯಾದೀತೇ ಹೊರತು ಸಮರ್ಥನೆಯಾಗದು. ನನ್ನ ಮಟ್ಟಿಗೆ ಹೇಳುವುದಾದರೆ, ತಿಳಿದ ಮೇಲೆ ಹೊಣೆ ಹೆಚ್ಚುತ್ತದೆ. ಅರಿಯದೆ ಎತ್ತಿದ ಕೈಗೂ ಅರಿತು ಎತ್ತಿದ ಕೈಗೂ ಅಂತರವಿದೆ.

ಭವಿಷ್ಯದ ಮಾತು ಬೇರೆ. ಖಿನ್ನತೆಗೆ ಸಿಕ್ಕವರು ತಮ್ಮನ್ನೂ ಜಗತ್ತನ್ನೂ ಮುಂಬರುವ ದಿನಗಳನ್ನೂ ಒಂದೇ ಕಪ್ಪು ಕನ್ನಡಕದಿಂದ ನೋಡುವುದನ್ನು ಅಮೆರಿಕೆಯ ಆರನ್ ಬೆಕ್ 1960ರ ದಶಕದಲ್ಲಿ ಗುರುತಿಸಿದರು. 'ಇನ್ನು ನನ್ನಿಂದ ಏನೂ ಆಗದು' ಎಂಬ ಯೋಚನೆಯನ್ನು ಅವರ ಪದ್ಧತಿಯಲ್ಲಿ ಕಾಗದದ ಮೇಲೆ ಬರೆಸಿ, ಅದಕ್ಕೆ ಪುರಾವೆಯೇನೆಂದು ವಕೀಲರಂತೆ ವಿಚಾರಿಸುತ್ತಾರೆ. ಎಲ್ಲ ಒಳ್ಳೆಯದಾಗುತ್ತದೆಂಬ ಪೊಳ್ಳು ಭರವಸೆ ಅಲ್ಲಿಲ್ಲ.

ಆದರೆ ಒಬ್ಬರ ದೃಷ್ಟಿ ಬದಲಾದರೆ ಸಾಕೆ? ತ್ರಿವೇಣಿಯವರ 'ಶರಪಂಜರ'ವನ್ನು ಓದಿದವರು, 1971ರಲ್ಲಿ ಪುಟ್ಟಣ್ಣ ಕಣಗಾಲರ ಚಿತ್ರದಲ್ಲಿ ಕಲ್ಪನಾ ಅವರನ್ನು ಕಂಡವರು, ಕಾವೇರಿಯನ್ನು ಮರೆತಿರಲಾರರು. ಆಸ್ಪತ್ರೆಯಿಂದ ಆಕೆ ಗುಣಮುಖಳಾಗಿ ಬಂದಳು. ಆದರೆ ಗಂಡ, ನೆರೆಹೊರೆ ಯಾರಿಗೂ ಅವಳ ನಿನ್ನೆಯನ್ನು ಬಿಟ್ಟುಕೊಡುವ ಮನಸ್ಸಿರಲಿಲ್ಲ. ಅವಳು ಜೋರಾಗಿ ನಕ್ಕರೂ ಅನುಮಾನ, ಸುಮ್ಮನಿದ್ದರೂ ಅನುಮಾನ. ಚಿಕಿತ್ಸೆ ಬೇಕಾಗಿದ್ದದ್ದು ಅವಳೊಬ್ಬಳಿಗೇ ಅಲ್ಲವಷ್ಟೆ.

ಹೊರನಾಡಿನ ನಮಗೆ ಇನ್ನೊಂದು ತೊಡಕಿದೆ. ಅಜ್ಜಿ ಆಡಿದ ಚುಚ್ಚುಮಾತು ಕನ್ನಡದ್ದು; ಅದನ್ನು ಇಲ್ಲಿ ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಹೇಳುವಾಗ ಅದರ ಮೊನೆಯೇ ಉದುರಿಹೋಗುತ್ತದೆ, ಕೇಳುವವರಿಗೆ ಗಾಯ ಕಾಣುವುದಿಲ್ಲ. ಈ ದೃಷ್ಟಿಯಿಂದ 2022ರ ಅಕ್ಟೋಬರಿನಲ್ಲಿ ಕೇಂದ್ರ ಸರಕಾರ ಆರಂಭಿಸಿದ ಟೆಲಿ-ಮಾನಸ್ ಸೇವೆಯ ವಿಷಯ ನಮ್ಮ ಮನೆಗಳಲ್ಲಿ ತಿಳಿದಿರಬೇಕು. 14416ಕ್ಕೆ ಕರೆ ಮಾಡಿದವರು ತಮ್ಮ ಭಾಷೆಯನ್ನು ಆಯ್ದುಕೊಳ್ಳಬಹುದು. ಆ ಭಾಷೆಗಳಲ್ಲಿ ಕನ್ನಡವೂ ಇದೆ.