ತೂಕವಿಲ್ಲದ ಪರಿಗ್ರಹ

ಶ್ರಾವಕನು ಪಾಲಿಸಬೇಕಾದ ಐದು ಅಣುವ್ರತಗಳಲ್ಲಿ ಪರಿಗ್ರಹ ಪರಿಮಾಣವೂ ಒಂದು. ಹೊಲ, ಮನೆ, ಚಿನ್ನ, ಧಾನ್ಯಗಳು ಕಣ್ಣಿಗೆ ಕಾಣುವುದರಿಂದ ಅವುಗಳನ್ನು ಎಣಿಸಿ ಮಿತಿ ಹಾಕಿಕೊಳ್ಳಬಹುದು. ಆದರೆ ಸ್ಥಳವನ್ನೇ ಆಕ್ರಮಿಸದ ವಸ್ತುವಿಗೆ ಮಿತಿ ಯಾವುದು? ನಮ್ಮ ಮನೆಗಳ ಗಣಕಯಂತ್ರಗಳಲ್ಲಿ ಸಂಗ್ರಹವಾಗುತ್ತಿರುವ ಇ-ಪುಸ್ತಕಗಳು ಈ ಪ್ರಶ್ನೆಯನ್ನು ಮುಂದಿಟ್ಟಿವೆ.

ಕೋವಿದ್ ಗೋಯಲ್ ಅವರು 2006ರಲ್ಲಿ ಆರಂಭಿಸಿದ ‘ಕ್ಯಾಲಿಬರ್’ ಎಂಬ ಉಚಿತ ತಂತ್ರಾಂಶವು ಇಂತಹ ಪುಸ್ತಕಗಳನ್ನು ಗ್ರಂಥಾಲಯದಂತೆ ಜೋಡಿಸಿಡುತ್ತದೆ. ಗಣಕಯಂತ್ರವೂ ಮೊಬೈಲೂ ಒಂದೇ ವೈ-ಫೈ ಜಾಲದಲ್ಲಿದ್ದಾಗ ತಂತ್ರಾಂಶದ ಸರ್ವರನ್ನು ಚಾಲನೆಗೊಳಿಸಿ, ಅದರ ವಿಳಾಸವನ್ನು ಮೊಬೈಲಿನ ಬ್ರೌಸರಿನಲ್ಲಿ ನಮೂದಿಸಿದರೆ ಸಾಕು. ತಂತಿಯ ನೆರವಿಲ್ಲದೆ ಗ್ರಂಥಗಳು ಅಂಗೈಗೆ ಬರುತ್ತವೆ. ಪ್ರವಾಸದಲ್ಲಿಯೂ ಸ್ವಾಧ್ಯಾಯ ತಪ್ಪದಂತೆ ಮಾಡುವ ಈ ಅನುಕೂಲವನ್ನು ಅಲ್ಲಗಳೆಯಲಾಗದು.

ಕಳೆದ ದಶಲಕ್ಷಣ ಪರ್ವಕ್ಕೆ ಮುನ್ನ ನಾನೂ ಹೀಗೆ ಆರುನೂರಕ್ಕೂ ಹೆಚ್ಚು ಪುಸ್ತಕಗಳನ್ನು ಮೊಬೈಲಿಗೆ ತಂದುಕೊಂಡೆ. ಪರ್ವ ಮುಗಿದಾಗ ಓದಿದ್ದು ಒಂದು ಗ್ರಂಥದ ಅರ್ಧಭಾಗ ಮಾತ್ರ. ಉಳಿದ ವೇಳೆಯೆಲ್ಲ ಸಂಗ್ರಹವನ್ನು ಓರಣಗೊಳಿಸುವುದರಲ್ಲಿ, ಇಲ್ಲದ ಪುಸ್ತಕಗಳನ್ನು ಹುಡುಕಿ ಸೇರಿಸುವುದರಲ್ಲಿ ಕಳೆದಿತ್ತು. ತತ್ತ್ವಾರ್ಥಸೂತ್ರಕಾರರಾದ ಉಮಾಸ್ವಾಮಿಗಳು ಪರಿಗ್ರಹವನ್ನು ಗುರುತಿಸಿದ್ದು ವಸ್ತುವಿನ ಪ್ರಮಾಣದಿಂದಲ್ಲ. ಮೂರ್ಛೆಯಿಂದ, ಅಂದರೆ ಮಮತ್ವಭಾವದಿಂದ. ತೂಕವಿಲ್ಲದ ಪುಸ್ತಕವೂ ಆತ್ಮಕ್ಕೆ ಭಾರವಾಗಬಲ್ಲದೆಂಬುದು ನನಗೆ ಆಗ ಮನವರಿಕೆಯಾಯಿತು.

ಶಾಸ್ತ್ರಗಳನ್ನು ಪ್ರತಿಮಾಡಿಡುವುದು ಪುಣ್ಯಕಾರ್ಯವಲ್ಲವೇ ಎಂದು ಕೆಲವರು ಕೇಳಬಹುದು. ದಾನಚಿಂತಾಮಣಿ ಅತ್ತಿಮಬ್ಬೆಯು ಹತ್ತನೆಯ ಶತಮಾನದಲ್ಲಿ ಪೊನ್ನನ ಶಾಂತಿಪುರಾಣದ 1000 ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದು ಎಲ್ಲರೂ ಬಲ್ಲ ಸಂಗತಿ. ಆ ಪ್ರತಿಗಳು ಅನ್ಯರ ಕೈ ಸೇರಿದವು. ಆದುದರಿಂದಲೇ ಅದು ಶಾಸ್ತ್ರದಾನ. ನಮ್ಮ ಪ್ರತಿಗಳಾದರೋ ನಮ್ಮ ಒಂದು ಯಂತ್ರದಿಂದ ನಮ್ಮದೇ ಇನ್ನೊಂದಕ್ಕೆ ಹೋಗುತ್ತವೆ. ಇಲ್ಲಿ ಕೊಡುವವನೂ ಪಡೆಯುವವನೂ ಒಬ್ಬನೇ.

ಹಾಗೆಂದು ಕೈಗೆ ಸಿಕ್ಕಿದ್ದನ್ನೆಲ್ಲ ಹಂಚುವುದೂ ದಾನವಾಗದು. ಲೇಖಕರ ಜೀವಿತಕಾಲದಲ್ಲಿ ಪ್ರಕಟವಾದ ಕೃತಿಗೆ ಅವರ ಮರಣಾನಂತರ 60 ವರ್ಷಗಳವರೆಗೆ ಭಾರತದ ಕಾಯಿದೆಯಂತೆ ಹಕ್ಕುಸ್ವಾಮ್ಯವಿರುತ್ತದೆ. ಅನುಮತಿಯಿಲ್ಲದೆ ಅದನ್ನು ಹಂಚಿದರೆ ಅಚೌರ್ಯವ್ರತಕ್ಕೆ ಚ್ಯುತಿ ಬರುತ್ತದೆ. ಪರರ ಸ್ವತ್ತಿನಿಂದ ಪುಣ್ಯ ಸಂಪಾದನೆಯಾಗದು. ಬಸದಿಯ ಟ್ರಸ್ಟುಗಳು ತಮ್ಮ ಹಕ್ಕಿನಲ್ಲಿರುವ ಪ್ರಕಟಣೆಗಳನ್ನು ಇದೇ ವಿಧಾನದಿಂದ, ದರ್ಶನಕ್ಕೆ ಬಂದ ಶ್ರಾವಕ ಶ್ರಾವಿಕೆಯರ ಮೊಬೈಲಿಗೆ ನೀಡಬಹುದು. ಅದು ನಮ್ಮ ಕಾಲದ ಶಾಸ್ತ್ರದಾನವಾದೀತು.

ಯಂತ್ರಕ್ಕೆ ಮಿತಿಯ ಅರಿವಿಲ್ಲ, ವ್ರತವಿರುವುದು ಮನುಷ್ಯನಿಗೆ. ಬರುವ ಪರ್ವಕ್ಕೆ ನಾನು ಒಂದೇ ಗ್ರಂಥವನ್ನು ಮೊಬೈಲಿಗೆ ತಂದುಕೊಳ್ಳಲು ನಿಶ್ಚಯಿಸಿದ್ದೇನೆ. ಅದನ್ನು ಓದಿ, ಮನನ ಮಾಡಿ ಮುಗಿಸಿದ ಮೇಲೆಯೇ ಮತ್ತೊಂದು.