ನೀಲಾಂಜನೆಯ ಜಾಗದಲ್ಲಿ

ಮಕ್ಕಳ ನೃತ್ಯಶಾಲೆಯ ಬಾಗಿಲಿಗೆ ತೂಗುಹಾಕಿರುವ ಹಲಗೆಯನ್ನು ಓದಿದರೆ ಸಾಕು, ನಮ್ಮ ಮನಸ್ಸಿನ ಅಂತಸ್ತುಗಳೆಲ್ಲ ಅರ್ಧ ತಿಳಿದುಹೋಗುತ್ತವೆ. ಚುಂಚನಕಟ್ಟೆಯ ಕಡೆ ನಾನು ಕಂಡ ಒಂದು ಹಲಗೆಯ ಮೇಲೆ ದಪ್ಪ ಅಕ್ಷರಗಳಲ್ಲಿ ಭರತನಾಟ್ಯ ಎಂದಿತ್ತು; ಅದರ ಕೆಳಗೆ ವೆಸ್ಟರ್ನ್; ಅದರ ಕೆಳಗೆ ಸಿನಿಮಾ ನೃತ್ಯ; ಎಲ್ಲಕ್ಕೂ ಕೆಳಗೆ, ಜಾಗ ಉಳಿದದ್ದರಿಂದ ಬರೆದರೋ ಎಂಬಂತೆ, ಜಾನಪದ. ಭರತನಾಟ್ಯಕ್ಕೆ ವರ್ಷಗಟ್ಟಲೆ ಪಾಠ. ಮುಂದೆ ಜೂನಿಯರ್, ಸೀನಿಯರ್, ವಿದ್ವತ್ ಎಂಬ ಪರೀಕ್ಷೆಗಳು. ಜಾನಪದಕ್ಕೆ ಬೇಸಿಗೆ ರಜೆಯ ಒಂದು ತಿಂಗಳು ಸಾಕಂತೆ. ಕಂಸಾಳೆ, ಕೋಲಾಟ, ವೀರಗಾಸೆ, ಸುಗ್ಗಿ ಕುಣಿತ, ಹೀಗೆ ಒಂದೊಂದೂ ಒಂದೊಂದು ಲೋಕವಾಗಿರುವ ಇಷ್ಟನ್ನೂ ಆ ಒಂದೇ ಮಾತಿನ ಚೀಲಕ್ಕೆ ತುರುಕಿದ್ದಾರೆ.

ಯಾವ ಶೈಲಿ ಮೇಲು, ಯಾವುದು ಕೀಳು ಎಂಬ ಜಗಳ ನನಗೆ ಬೇಕಿಲ್ಲ. ಮಾರ್ಗ, ದೇಶಿಗಳೆರಡನ್ನೂ ಒಂದೇ ಕಾವ್ಯದಲ್ಲಿ ಬೆಸೆದ ಪಂಪನನ್ನು ಪಾಠ ಹೇಳುವವನಿಗೆ ಅದು ಒಪ್ಪುವುದೂ ಇಲ್ಲ. ಇಲ್ಲಿನ ಕೋದಂಡರಾಮನ ಗುಡಿಯಲ್ಲಿ ಸೀತೆ ರಾಮನ ಬಲಕ್ಕೆ ನಿಂತಿದ್ದಾಳೆ. ಬೇರೆ ಕಡೆ ಸಾಮಾನ್ಯವಾಗಿ ಎಡಕ್ಕೆ. ಎಡಬಲದ ಕ್ರಮ ಕಲ್ಲಿನಲ್ಲಿಯೇ ಬದಲಾಗಬಹುದಾದರೆ ಹಲಗೆಯ ಕ್ರಮ ಎಷ್ಟರದು? ನನ್ನನ್ನು ಕಾಡುವ ಪ್ರಶ್ನೆ ಬೇರೆ. ಒಂದು ಕುಣಿತವನ್ನು ಮಗುವಿಗೆ ಕಲಿಸುವಾಗ, ಅದನ್ನು ನಮಗೆ ಕಾಪಾಡಿ ಕೊಟ್ಟವರಿಗೆ ನಾವು ಏನಾದರೂ ಸಲ್ಲಿಸಬೇಕಾದದ್ದುಂಟೆ?

ಹಲಗೆಯ ನೆತ್ತಿಯ ಮೇಲಿರುವ ಭರತನಾಟ್ಯವನ್ನೇ ನೋಡಿ. ಇಂದು ಗೃಹಸ್ಥರು ಮಗಳನ್ನು ಹೆಮ್ಮೆಯಿಂದ ಆ ಪಾಠಕ್ಕೆ ಕಳುಹಿಸುತ್ತಾರೆ. ನೂರು ವರ್ಷದ ಹಿಂದೆ ಅದೇ ಗೃಹಸ್ಥರು ಆ ಹೆಸರೆತ್ತಿದರೆ ಮಗಳನ್ನು ಒಳಕ್ಕೆ ಕಳುಹಿಸುತ್ತಿದ್ದರು. ಆಗ ಅದು ಸದಿರು. ಕುಣಿಯುತ್ತಿದ್ದವರು ದೇವದಾಸಿಯರು, ಅರಮನೆಯ ನರ್ತಕಿಯರು. ಮೈಸೂರು ಸಂಸ್ಥಾನದ ಮುಜರಾಯಿ ಗುಡಿಗಳಲ್ಲಿ ದೇವದಾಸಿಯರ ಸೇವೆಯನ್ನು ನಿಲ್ಲಿಸಿದ್ದು 1909ರಲ್ಲಿ. ಮದರಾಸಿನಲ್ಲಿ ಕಾನೂನು ಬಂದದ್ದು 1947ರಲ್ಲಿ. ಹೆಣ್ಣುಮಗುವನ್ನು ದೇವರಿಗೆ ಬಿಡುವ ಪದ್ಧತಿ ನಿಲ್ಲಲೇಬೇಕಾಗಿತ್ತು. ಅದರಲ್ಲಿ ಎರಡು ಮಾತಿಲ್ಲ. ಆದರೆ ಪದ್ಧತಿ ನಿಂತಿತೇ ಹೊರತು ಕುಣಿತ ನಿಲ್ಲಲಿಲ್ಲ. 1932ರಲ್ಲಿ ಮದರಾಸಿನ ಸಂಗೀತ ಅಕಾಡೆಮಿ ಅದಕ್ಕೆ ಭರತನಾಟ್ಯವೆಂಬ ಹೆಸರನ್ನು ಎತ್ತಿಹಿಡಿಯಿತು. 1936ರಲ್ಲಿ ರುಕ್ಮಿಣೀದೇವಿಯವರು ಕಲಾಕ್ಷೇತ್ರವನ್ನು ಸ್ಥಾಪಿಸಿದರು. ಕುಣಿತಕ್ಕೆ ಗೌರವ ಬಂತು. ಅದನ್ನು ತಲೆಮಾರುಗಳ ಕಾಲ ಮೈಯಲ್ಲಿ ಕಾಪಾಡಿದ ಹೆಂಗಸರಲ್ಲಿ ಬಹುಮಂದಿ ಮಾತ್ರ ಗೌರವದ ಬಾಗಿಲಿನ ಹೊರಗೇ ಉಳಿದರು.

ತರಗತಿಯಲ್ಲಿ 'ಆದಿಪುರಾಣ'ದ ನೀಲಾಂಜನೆಯ ಪ್ರಸಂಗ ಬಂದಾಗಲೆಲ್ಲ ನನಗೆ ಇದು ನೆನಪಾಗುತ್ತದೆ. ಸಭೆಯಲ್ಲಿ ನೀಲಾಂಜನೆ ಕುಣಿಯುತ್ತಿದ್ದಾಳೆ. ನಡುವೆಯೇ ಅವಳ ಆಯುಸ್ಸು ತೀರಿ ಅದೃಶ್ಯಳಾಗುತ್ತಾಳೆ. ರಸಭಂಗವಾದೀತೆಂದು ಇಂದ್ರನು ಅವಳಂಥವಳನ್ನೇ ಅಲ್ಲಿ ತಂದು ನಿಲ್ಲಿಸುತ್ತಾನೆ. ತಾಳ ತಪ್ಪುವುದಿಲ್ಲ, ಸಭೆಗೆ ಏನೂ ತಿಳಿಯುವುದಿಲ್ಲ. ಕಂಡುಕೊಂಡವನು ಆದಿದೇವನೊಬ್ಬ. ಪಂಪನು ಅದನ್ನು ವೈರಾಗ್ಯಕ್ಕಾಗಿ ಹೇಳಿದ, ನಿಜ. ನಾನು ಯೋಚಿಸುವುದು ಕಾಣದೆ ಕುಳಿತಿದ್ದ ಆ ಸಭಾಸದರನ್ನು ಕುರಿತು. ಅವರದು ತಪ್ಪೆ? ಕಣ್ಣ ಮುಂದೆ ಕುಣಿತ ನಡೆದೇ ಇತ್ತಲ್ಲ!

ಈಗ ಹಲಗೆಯ ಕೊನೆಯ ಸಾಲಿಗೆ ಬರೋಣ. ಕಂಸಾಳೆಯವರು ಮಲೆಯ ಮಾದೇಶ್ವರನ ದೇವರಗುಡ್ಡರು, ದೀಕ್ಷೆ ಪಡೆದವರು. ಮೈಸೂರು, ಮಂಡ್ಯ, ಚಾಮರಾಜನಗರದ ಸೀಮೆಯಲ್ಲಿ ಮಾದಪ್ಪನ ಕಥೆಯನ್ನು ಬಾಯಲ್ಲೇ ಉಳಿಸಿಕೊಂಡು ಬಂದವರು. ಒಂದು ಕೈಯಲ್ಲಿ ಬಟ್ಟಲಿನಂಥ ಕಂಚಿನ ತಾಳ. ಇನ್ನೊಂದರಲ್ಲಿ ದಾರ ಕಟ್ಟಿದ ಚಪ್ಪಟೆ ತಾಳ. ಬೀಸು ಕಂಸಾಳೆಯಲ್ಲಿ ಅದು ತಲೆಯ ಮೇಲೆ, ಬೆನ್ನ ಹಿಂದೆ ಸುತ್ತಿ ಬಂದು ಬಟ್ಟಲಿಗೆ ಹೊಡೆಯಬೇಕು. ಲೆಕ್ಕ ತಪ್ಪಿದರೆ ಪಕ್ಕದವನ ಹಣೆ ಒಡೆದೀತು. ನೃತ್ಯಶಾಲೆಯ ಮಕ್ಕಳಿಗೆ ಇದನ್ನು ಕಲಿಸುವುದು ಹೇಗೆಂದರೆ, ಮೊಬೈಲಿನಲ್ಲಿ ಹಾಡು ಹಾಕಿ, ಚಿತ್ರ ನೋಡಿ ಹೆಜ್ಜೆ ಕೂಡಿಸಿ. ನಾಲ್ಕು ನಿಮಿಷದ ಒಂದು 'ಐಟಂ' ಸಿದ್ಧವಾಗುತ್ತದೆ.

ಇದಕ್ಕೆ ಉತ್ತರವಾಗಿ ಹೇಳಬಹುದು: ಕಲೆಯೇನು ಹೊಲವೆ, ಒಬ್ಬ ಉತ್ತರೆ ಇನ್ನೊಬ್ಬನಿಗೆ ಇಲ್ಲವಾಗಲು? ಮಾತು ಸರಿ. ಅದಕ್ಕಿಂತ ಬಲವಾದ ಮಾತೂ ಒಂದಿದೆ. ಗುಡ್ಡನ ಮಗನೇ ಕಂಸಾಳೆ ಬೀಸಬೇಕು, ನರ್ತಕಿಯ ಮಗಳೇ ಗೆಜ್ಜೆ ಕಟ್ಟಬೇಕು ಎಂದರೆ ಹುಟ್ಟಿನ ಸಂಕೋಲೆಯನ್ನೇ ಸಂಸ್ಕೃತಿಯೆಂದು ಕರೆದಂತಾಯಿತು. ನಮ್ಮ ಮೈಸೂರಿನಲ್ಲಿಯೇ ಅರಮನೆಯ ಜಟ್ಟಿ ತಾಯಮ್ಮನವರು ತಮ್ಮ ಅಭಿನಯವನ್ನೆಲ್ಲ ಧಾರೆಯೆರೆದದ್ದು ಲಂಬಾಣಿ ತಾಂಡಾದಿಂದ ಬಂದ ವೆಂಕಟಲಕ್ಷಮ್ಮನೆಂಬ ಹುಡುಗಿಗೆ. ಆ ಹುಡುಗಿ ಮುಂದೆ ಅರಮನೆಯ ವಿದುಷಿಯಾದರು, 1960ರ ದಶಕದಲ್ಲಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ನೃತ್ಯದ ಅಧ್ಯಾಪಕರಾದರು, 1992ರಲ್ಲಿ ಪದ್ಮಭೂಷಣರಾದರು. ಕಲೆ ಹುಟ್ಟನ್ನು ದಾಟಿತು, ದಾಟಿದ್ದು ಒಳ್ಳೆಯದೇ ಆಯಿತು. ಆದರೆ ಹೇಗೆ ದಾಟಿತು ಎಂಬುದನ್ನು ಮರೆಯಬಾರದು. ಗುರು ಎದುರಿಗೆ ಕುಳಿತಿದ್ದರು. ಶಿಷ್ಯೆಗೆ ಗುರುವಿನ ಹೆಸರು ಗೊತ್ತಿತ್ತು. ಕೊನೆಗೆ, ಅದನ್ನು ಮೈಯಲ್ಲಿ ಉಳಿಸಿಕೊಂಡಿದ್ದವರಿಗೇ ಕಲಿಸುವ ಕುರ್ಚಿಯೂ ಸಿಕ್ಕಿತು. ನೃತ್ಯಶಾಲೆಯ ಕಂಸಾಳೆಯಲ್ಲಿ ಇಲ್ಲದಿರುವುದು ಈ ಮೂರೇ. ಹೆಜ್ಜೆಗಳಲ್ಲಿ ಊನವಿದ್ದರೆ ಅಭ್ಯಾಸದಿಂದ ತುಂಬಿಕೊಳ್ಳಬಹುದು.

ಆ ಶಾಲೆಯ ವಾರ್ಷಿಕೋತ್ಸವದಲ್ಲಿ ನನ್ನ ಪಕ್ಕದಲ್ಲಿ ವಯಸ್ಸಾದ ದೇವರಗುಡ್ಡರೊಬ್ಬರು ಕುಳಿತಿದ್ದರು. ಮಕ್ಕಳ ಕಂಸಾಳೆಗೆ ಅವರೂ ಚಪ್ಪಾಳೆ ತಟ್ಟಿದರು. "ಹೇಗಿತ್ತು ಯಜಮಾನರೇ?" ಎಂದೆ.

"ಮಕ್ಕಳು ಚೆನ್ನಾಗಿ ಕುಣುದ್ವು ಮೇಷ್ಟ್ರೇ. ಆದ್ರೆ ಕುಣುದ್ ಮ್ಯಾಲೆ ತಾಳಗಳ್ನ ಚಪ್ಲಿ ಬುಡೋ ಜಾಗ್ದಲ್ಲಿ ಹಾಕುದ್ರಲ್ಲ, ಅದೊಂದ್ನ ನೋಡಕ್ಕಾಗ್ನಿಲ್ಲ."

ಮಕ್ಕಳ ತಪ್ಪಲ್ಲ, ತಾಳವನ್ನು ಎಲ್ಲಿಡಬೇಕೆಂದು ಹೇಳುವವರು ಯಾರೂ ಇರಲಿಲ್ಲ. ಅವರ ಮೊಮ್ಮಗ ಕಂಸಾಳೆ ಕಲಿತಿದ್ದಾನೆಯೆ ಎಂದು ಕೇಳಿದೆ. ಇಲ್ಲವಂತೆ, ಬೆಂಗಳೂರಿನಲ್ಲಿ ಕೆಲಸ. "ಮೊಮ್ಮಗಳು ಇಲ್ಲೇ ಭರತನಾಟ್ಯ ಕಲೀತಾವ್ಳೆ. ಈಗ ಬತ್ತಾಳೆ ನೋಡಿ" ಎಂದು ಮುಂದಕ್ಕೆ ಬಾಗಿ ಕುಳಿತರು. ಆ ಮುಖದಲ್ಲಿದ್ದ ಹಿಗ್ಗನ್ನು ಕಂಡಾಗ ನನ್ನ ಸಿದ್ಧಾಂತ ಸ್ವಲ್ಪ ಸಡಿಲವಾದದ್ದು ನಿಜ. ಹುಡುಗಿ ಅರೆಮಂಡಿಯಲ್ಲಿ ಕುಳಿತು ಮೂರು ಕಾಲದಲ್ಲಿ ತಟ್ಟಡವು ತಟ್ಟಿದಳು. ಒಳ್ಳೆಯ ತಾಳಜ್ಞಾನ. ಅದು ಎಲ್ಲಿಂದ ಬಂತೆಂದು ಸಭೆಯಲ್ಲಿ ಯಾರೂ ಕೇಳಲಿಲ್ಲ. ತಾತ ಹೆಸರು ಹೇಳದೆ ಬೆರಳಲ್ಲಿ ಎಣಿಸುತ್ತಿದ್ದರು.

ಕಾರ್ಯಕ್ರಮ ಮುಗಿದ ಮೇಲೆ ಶಾಲೆ ನಡೆಸುವ ಹೆಣ್ಣುಮಗಳಿಗೆ ಆ ಹಿರಿಯರನ್ನು ತೋರಿಸಿ, ಕಂಸಾಳೆಯ ಪಾಠಕ್ಕೆ ಇವರನ್ನೇ ಏಕೆ ಕರೆಯಬಾರದೆಂದೆ. ಆಕೆ ಒಳ್ಳೆಯವರು, ಯೋಚನೆ ಹಿಡಿಸಿತು. "ಬಂದುಹೋಗುವ ಬಸ್ ಚಾರ್ಜು ಕೊಟ್ಟುಬಿಡೋಣ ಸಾರ್, ಒಂದು ಶಾಲು ಹೊದಿಸೋಣ" ಎಂದರು. ಭರತನಾಟ್ಯದ ಮೇಡಂಗೆ ತಿಂಗಳಿಗೆ ಏನು ಕೊಡುತ್ತೀರಿ, ಅಷ್ಟೇ ಇವರಿಗೂ ಕೊಡಿ ಎಂದೆ. ಆಕೆಗೆ ನಗು ಬಂತು. ನಾನು ನಗದಿದ್ದುದನ್ನು ಕಂಡು ಸುಮ್ಮನಾದರು. "ಫೀಸು ಹೆಚ್ಚು ಮಾಡಬೇಕಾಗುತ್ತೆ. ಜಾನಪದಕ್ಕೆ ಅಷ್ಟು ಯಾರು ಕೊಡ್ತಾರೆ ಸಾರ್?" ಎಂದರು. ಪೋಷಕರನ್ನು ಕೇಳಿ ನೋಡಿ ಎಂದೆ. ಸಂಕ್ರಾಂತಿಯ ದನಗಳ ಜಾತ್ರೆ ಕಳೆಯಲಿ, ಆಮೇಲೆ ಸಭೆ ಕರೆಯುತ್ತೇನೆ ಎಂದಿದ್ದಾರೆ.